ಬುಲಿಮಿಯಾ: ಸಣ್ಣಗಿಲ್ಲದವರಿಗೂ ಬರುವ ಕಾಯಿಲೆ, ಗುರುತಿಸುವುದು ಹೇಗೆ?

‘ಆಹಾರಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆ ಇದ್ದವರು ಎಲುಬು ಕಾಣುವಷ್ಟು ಸಣ್ಣಗಿರುತ್ತಾರೆ’ ಎಂದು ಹಲವರು ನಂಬಿದ್ದಾರೆ. ಬುಲಿಮಿಯಾ ವಿಷಯದಲ್ಲಿ ಇದು ತಪ್ಪು. ಈ ಕಾಯಿಲೆ ಇರುವ ಹೆಚ್ಚಿನವರ ತೂಕ ಸಾಮಾನ್ಯವಾಗಿಯೇ ಇರುತ್ತದೆ. ಹಾಗಾಗಿ ಮನೆಯವರಿಗೂ ವರ್ಷಗಟ್ಟಲೆ ಗೊತ್ತಾಗದೆ ಇರಬಹುದು. ಬ್ರಿಟನ್ನಿನ ರಾಜಕುಮಾರಿ ಡಯಾನಾ ತಮಗೆ ಬುಲಿಮಿಯಾ ಇದ್ದುದನ್ನು 1995ರ ಬಿಬಿಸಿ ಸಂದರ್ಶನದಲ್ಲಿ ಹೇಳಿಕೊಂಡಿದ್ದರು. ತೂಕ ಬದಲಾಗದ ಕಾರಣ ಅದನ್ನು ಮುಚ್ಚಿಡುವುದು ಸುಲಭ ಎಂದೂ ತಿಳಿಸಿದ್ದರು.

ಏನಿದು ಬುಲಿಮಿಯಾ?

ಸ್ವಲ್ಪ ಹೊತ್ತಿನಲ್ಲಿ ವಿಪರೀತ ತಿನ್ನುವುದು, ನಿಲ್ಲಿಸಬೇಕೆಂದರೂ ಆಗದಿರುವುದು, ಆಮೇಲೆ ದಪ್ಪಗಾಗುವ ಭಯದಿಂದ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ಉಪವಾಸ ಇಲ್ಲವೇ ಅತಿಯಾದ ವ್ಯಾಯಾಮ ಮಾಡುವುದು. ಇದೇ ಚಕ್ರ ಮತ್ತೆ ಮತ್ತೆ ನಡೆಯುತ್ತದೆ. 1979ರಲ್ಲಿ ಮನೋವೈದ್ಯ ಜೆರಾಲ್ಡ್ ರಸೆಲ್ ಈ ಕಾಯಿಲೆಯನ್ನು ವಿವರಿಸಿ ಹೆಸರಿಟ್ಟರು. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಆದರೆ ಗಂಡಸರಿಗೂ ಬರುತ್ತದೆ.

ತಿಂದದ್ದನ್ನು ಹೊರಹಾಕಿದರೆ ತೂಕ ಇಳಿಯುತ್ತದೆಯೇ?

ಇಲ್ಲ. ವಾಂತಿಯಲ್ಲಿ ತಿಂದದ್ದೆಲ್ಲ ಹೊರಬರುವುದಿಲ್ಲ. ಭೇದಿ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಸಣ್ಣ ಕರುಳು ಆಹಾರದ ಹೆಚ್ಚಿನ ಸತ್ವವನ್ನು ಹೀರಿಕೊಂಡಿರುತ್ತದೆ. ದೇಹ ಕಳೆದುಕೊಳ್ಳುವುದು ನೀರು ಮತ್ತು ಲವಣಗಳನ್ನು. ಪೊಟ್ಯಾಷಿಯಂ ತೀರಾ ಕಡಿಮೆಯಾದರೆ ಹೃದಯದ ಬಡಿತ ಏರುಪೇರಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ಗಮನಿಸಬೇಕಾದ ಲಕ್ಷಣಗಳು

• ಊಟವಾದ ಕೂಡಲೇ ಪ್ರತಿ ಸಲ ಬಾತ್‌ರೂಮಿಗೆ ಹೋಗುವುದು, ಸದ್ದು ಕೇಳಿಸದಂತೆ ನಲ್ಲಿ ಬಿಟ್ಟಿರುವುದು
• ಅಡುಗೆಮನೆಯ ತಿಂಡಿ ಇದ್ದಕ್ಕಿದ್ದಂತೆ ಖಾಲಿಯಾಗುವುದು, ಖಾಲಿ ಪ್ಯಾಕೆಟ್‌ಗಳನ್ನು ಬಚ್ಚಿಡುವುದು
• ದವಡೆಯ ಬಳಿ ಊತ, ಹಲ್ಲು ಸವೆಯುವುದು ಅಥವಾ ಜುಮ್ಮೆನ್ನುವುದು
• ಬೆರಳ ಗೆಣ್ಣುಗಳ ಮೇಲೆ ಗಾಯದ ಗುರುತು
• ತಲೆಸುತ್ತು, ಮುಟ್ಟಿನಲ್ಲಿ ಏರುಪೇರು
• ಎಲ್ಲರ ಜೊತೆ ಕೂತು ಊಟ ಮಾಡಲು ಹಿಂಜರಿಕೆ, ಸದಾ ತೂಕದ್ದೇ ಚಿಂತೆ

ಇವುಗಳಿಗೆ ಬೇರೆ ಕಾರಣಗಳೂ ಇರಬಹುದು. ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬೇಡಿ.

ನಾವು ಏನು ಮಾಡಬಹುದು?

ಒಬ್ಬರೇ ಇರುವಾಗ, ಊಟದ ಹೊತ್ತು ಬಿಟ್ಟು, ಮೆಲ್ಲಗೆ ಮಾತನಾಡಿಸಿ. “ಇತ್ತೀಚೆಗೆ ಊಟ ಆದ್ಮೇಲೆ ನೀನು ತುಂಬಾ ಬೇಜಾರಲ್ಲಿ ಇರ್ತೀಯ ಅನ್ಸುತ್ತೆ. ಹೇಳ್ಬೇಕು ಅನ್ಸಿದಾಗ ಹೇಳು, ನಾನಿದ್ದೀನಿ” ಎಂದರೆ ಸಾಕು. ಮೊದಲ ಸಲ ಅವರು ‘ಏನೂ ಇಲ್ಲ’ ಎನ್ನಬಹುದು. ಕೋಪಿಸಿಕೊಳ್ಳದೆ ಇನ್ನೊಂದು ದಿನ ಮತ್ತೆ ಕೇಳಿ. ಬೈಯುವುದು, ಬಾತ್‌ರೂಮಿನ ಬಾಗಿಲಲ್ಲಿ ಕಾಯುವುದು, ನೆಂಟರ ಮುಂದೆ ಹೇಳುವುದು ಬೇಡ. ‘ದಪ್ಪ ಆಗಿದ್ದೀಯ’ ಎಂಬ ಮಾತಿನಷ್ಟೇ ‘ಸಣ್ಣ ಆಗಿ ಚೆನ್ನಾಗಿ ಕಾಣ್ತೀಯ’ ಎಂಬ ಹೊಗಳಿಕೆಯೂ ನೋವು ಹೆಚ್ಚಿಸಬಹುದು.

ಇದು ಹಟವೂ ಅಲ್ಲ, ನಾಟಕವೂ ಅಲ್ಲ. ಚಿಕಿತ್ಸೆ ಇರುವ ಕಾಯಿಲೆ. ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿಂದ ಹಲವರು ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮನೋವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು. ಪ್ರಜ್ಞೆ ತಪ್ಪಿದರೆ, ಎದೆಬಡಿತ ಏರುಪೇರಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಸಾಯುವ ಮಾತಾಡಿದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಲೇಖನವನ್ನು ಫ್ಯಾಮಿಲಿ ಗ್ರೂಪಿಗೆ ಕಳಿಸುವುದಾದರೆ, ದಯವಿಟ್ಟು ಯಾರ ಹೆಸರನ್ನೂ ಸೇರಿಸಿ ಕಳಿಸಬೇಡಿ.