ಒಡನಾಟದ ವಿದ್ಯೆ

ವಿದ್ಯೆ ಗುರುವಿನಿಂದ ಬರುತ್ತದೆ, ಗ್ರಂಥದಿಂದ ಬರುತ್ತದೆ ಎಂಬುದು ಎಲ್ಲರೂ ಒಪ್ಪಿದ ಮಾತು. ಆದರೆ ವ್ಯಾಸಂಗ ಮುಗಿಸಿ ಕೆಲಸಕ್ಕೆ ಸೇರಿದವನು ಆಮೇಲೆ ಬೆಳೆಯುವುದು ಯಾರಿಂದ? ಬಹುಮಟ್ಟಿಗೆ ಅದೇ ವೃತ್ತಿಯಲ್ಲಿರುವ ಒಡನಾಡಿಗಳಿಂದ ಎಂದು ನನ್ನ ಎಣಿಕೆ. ಇದಕ್ಕೆ ಹೊಸಗನ್ನಡದ ಚರಿತ್ರೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಅದು ಕಾಲೇಜಿನ ಅಧ್ಯಾಪಕರ ಒಂದು ಸಣ್ಣ ಬಳಗದ ಕಥೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೯೧೬ರಲ್ಲಿ. ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ನಡುವಣ ಹನ್ನೊಂದು ವರ್ಷ ಅಲ್ಲಿ ಕನ್ನಡವನ್ನು ಆಳವಾಗಿ ಕಲಿಯಬೇಕೆನ್ನುವವನಿಗೆ ಪದವಿಯ ದಾರಿ ಇರಲಿಲ್ಲ. ಬಲ್ಲವರ ಸಹವಾಸವೊಂದೇ ದಾರಿ. ಆ ಸಹವಾಸಕ್ಕೆ ಒಂದು ನೆಲೆ ಒದಗಿಸಿದವರು ಎ. ಆರ್. ಕೃಷ್ಣಶಾಸ್ತ್ರಿಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ನಾಟಕ ಸಂಘವನ್ನು ಕಟ್ಟಿ, ೧೯೧೯ರಲ್ಲಿ 'ಪ್ರಬುದ್ಧ ಕರ್ನಾಟಕ' ತ್ರೈಮಾಸಿಕವನ್ನು ಹೊರಡಿಸಿದರು. ಕನ್ನಡವೆಂದರೆ ಪಂಡಿತರ ಪಾಲಿನದು ಎನ್ನುತ್ತಿದ್ದ ಕಾಲೇಜಿನೊಳಗೇ ಬರೆಯುವವರು, ಓದುವವರು, ತಿದ್ದುವವರು ಹೀಗೆ ಒಂದೆಡೆ ಸೇರಿದರು. ಇಂಗ್ಲಿಷ್ ಅಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರಂತೂ ೧೯೧೧ರಲ್ಲಿಯೇ ಧಾರವಾಡದಲ್ಲಿ, ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಉಪನ್ಯಾಸ ಮಾಡಿದ್ದರು. ಒಬ್ಬರದು ಸಂಸ್ಕೃತದ ಬಲ, ಇನ್ನೊಬ್ಬರದು ಇಂಗ್ಲಿಷಿನ ಬಲ. ಎರಡೂ ಕನ್ನಡದ ಅಂಗಳದಲ್ಲಿ ಕೂಡಿದವು.

ಈ ಬಳಗದ ನಡುಗಂಬ ಟಿ. ಎಸ್. ವೆಂಕಣ್ಣಯ್ಯನವರು. ಇವರನ್ನೂ ಕೃಷ್ಣಶಾಸ್ತ್ರಿಗಳನ್ನೂ ಕೂಡಿಸಿ 'ಕನ್ನಡದ ಅಶ್ವಿನೀದೇವತೆಗಳು' ಎಂದು ಜನ ಕರೆದರು. ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಇಬ್ಬರೂ ಕೂಡಿಯೇ ಬರೆದರು. ಎಂ.ಎ. ತರಗತಿಯ ಮೊದಲ ತಂಡದಲ್ಲಿ ವೆಂಕಣ್ಣಯ್ಯನವರ ಮುಂದೆ ಕುಳಿತವರಲ್ಲಿ ಕುವೆಂಪು ಒಬ್ಬರು, ಡಿ. ಎಲ್. ನರಸಿಂಹಾಚಾರ್ಯರು ಇನ್ನೊಬ್ಬರು. ಶಿಷ್ಯರಾಗಿ ಬಂದವರು ಕೆಲವೇ ಕಾಲದಲ್ಲಿ ಸಹೋದ್ಯೋಗಿಗಳಾದರು. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದ ಸಂಪಾದಕರಾಗಿ ವೆಂಕಣ್ಣಯ್ಯ, ನರಸಿಂಹಾಚಾರ್ಯ ಎಂಬ ಎರಡು ಹೆಸರುಗಳೂ ಜೊತೆಯಾಗಿ ನಿಂತಿವೆ.

ಗ್ರಂಥಸಂಪಾದನೆ ಜೊತೆಯನ್ನು ಬೇಡುವ ಕೆಲಸ. ಓಲೆಗರಿಯ ಒಂದು ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಿದ್ದರೆ, ಇನ್ನೊಬ್ಬರು ಮತ್ತೊಂದು ಪ್ರತಿಯನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸಿದರೆ ಕೆಲಸ ಸಾಗುತ್ತದೆ. ಇದು ಲಿಪಿಕಾರನ ಕೈತಪ್ಪೋ, ಕವಿಯೇ ಬಳಸಿದ ಅಪೂರ್ವ ಶಬ್ದವೋ ಎಂಬ ಸಂದೇಹ ಬಂದಾಗ ಸಂಸ್ಕೃತ ಬಲ್ಲವನು ಒಂದು ದಾರಿ ತೋರಿಸುತ್ತಾನೆ, ಪ್ರಾಕೃತ ಬಲ್ಲವನು ಇನ್ನೊಂದು, ಹಳ್ಳಿಯ ಮಾತು ಬಲ್ಲವನು ಮೂರನೆಯದು. ಈ ವಿದ್ಯೆಯಲ್ಲಿ ನುರಿತ ನರಸಿಂಹಾಚಾರ್ಯರು ೧೯೪೯ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿಕೊಟ್ಟರು. ೧೯೬೪ರಲ್ಲಿ 'ಕನ್ನಡ ಗ್ರಂಥಸಂಪಾದನೆ' ಎಂಬ ಪುಸ್ತಕದಲ್ಲಿ ಆ ಶಾಸ್ತ್ರವನ್ನೇ ನಿರೂಪಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗೂ ಅವರು ದುಡಿದರು. ೧೯೭೧ರಲ್ಲಿ ಅವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಜಿ. ವೆಂಕಟಸುಬ್ಬಯ್ಯ ಮೊದಲಾದವರ ಕೈಯಲ್ಲಿ ಮುಂದುವರಿದು, ಎಂಟು ಸಂಪುಟಗಳಾಗಿ ೧೯೯೫ರಲ್ಲಿ ಮುಗಿಯಿತು. ಒಬ್ಬನ ಆಯುಸ್ಸಿನಲ್ಲಿ ಮುಗಿಯದ ಕೆಲಸವನ್ನು ಬಳಗ ಮುಗಿಸಿತು.

ಇಷ್ಟಾಗಿ ವೆಂಕಣ್ಣಯ್ಯನವರ ಸ್ವಂತ ಗ್ರಂಥಗಳನ್ನು ಎಣಿಸಲು ಹೊರಟರೆ ಪಟ್ಟಿ ದೊಡ್ಡದಾಗುವುದಿಲ್ಲ. ೧೯೩೯ರಲ್ಲಿ ಅವರು ಕಣ್ಮರೆಯಾದಾಗ ಕುವೆಂಪು ಅವರ ಮಹಾಕಾವ್ಯ ಇನ್ನೂ ಬರವಣಿಗೆಯಲ್ಲಿತ್ತು. ಹತ್ತು ವರ್ಷಗಳ ಮೇಲೆ, ೧೯೪೯ರಲ್ಲಿ, 'ಶ್ರೀ ರಾಮಾಯಣ ದರ್ಶನಂ' ಅಚ್ಚಾದಾಗ ಕವಿ ಅದನ್ನು ಅರ್ಪಿಸಿದ್ದು ಆ ಗುರುವಿಗೆ. ೧೯೬೭ರ ಜ್ಞಾನಪೀಠ ಪ್ರಶಸ್ತಿ ಕನ್ನಡಕ್ಕೆ ಮೊದಲ ಬಾರಿಗೆ ಬಂದದ್ದು ಇದೇ ಕಾವ್ಯದಿಂದ. ಹತ್ತು ಪುಸ್ತಕ ಬರೆದವರ ಹೆಸರು ಮರೆಯುತ್ತದೆ. ಹತ್ತು ಜನರನ್ನು ಬರೆಯುವಂತೆ ಮಾಡಿದವರು ಆ ಹತ್ತು ಜನರ ಬರಹದಲ್ಲಿ ಉಳಿಯುತ್ತಾರೆ.

ಇದನ್ನೆಲ್ಲ ಹಳೆಯ ಕಾಲದ ಹಿರಿಮೆ ಹಾಡುವುದಕ್ಕಾಗಿ ನಾನು ಹೇಳುತ್ತಿಲ್ಲ. ನಾವು, ಇಂದಿನ ಅಧ್ಯಾಪಕರು, ಬಡ್ತಿಯ ಅರ್ಜಿಯಲ್ಲಿ ಪ್ರಕಟಿತ ಲೇಖನಗಳ ಲೆಕ್ಕ ಒಪ್ಪಿಸಬೇಕಾದವರು. ಗೆಳೆಯನ ಕರಡನ್ನು ತಿದ್ದಿದ ಸಂಜೆಗಳಿಗೆ, ಕಿರಿಯನಿಗೆ ನಮ್ಮ ಟಿಪ್ಪಣಿಗಳ ಕಟ್ಟನ್ನೇ ಕೊಟ್ಟುಬಿಟ್ಟ ದಿನಗಳಿಗೆ ಆ ಅರ್ಜಿಯಲ್ಲಿ ಕಲಮೇ ಇಲ್ಲ. ಲೆಕ್ಕಕ್ಕೆ ಬಾರದ ಕೆಲಸವನ್ನು ಮನುಷ್ಯ ಮೆಲ್ಲಮೆಲ್ಲನೆ ಬಿಡುತ್ತಾನೆ. ಒಂದೇ ವಿಭಾಗದ ನಾಲ್ವರು ನಾಲ್ಕು ವಿಷಯ ಬರೆದರೂ ಒಬ್ಬರದನ್ನು ಒಬ್ಬರು ಅಚ್ಚಿನಲ್ಲಿಯೇ ಮೊದಲು ನೋಡುವಂತಾಗುತ್ತದೆ.

ಇದಕ್ಕೆ ಸರಕಾರದ ಆಜ್ಞೆಯಾಗಲಿ ಹಣವಾಗಲಿ ಬೇಕಿಲ್ಲ. ಒಂದು ಮೇಜು, ಒಂದು ಕರಡು, ತಪ್ಪನ್ನು ಎದುರಿಗೇ ಹೇಳಬಲ್ಲ ಒಬ್ಬ ಒಡನಾಡಿ, ಹೇಳಿದ್ದನ್ನು ಕೇಳುವ ತಾಳ್ಮೆ—ಇಷ್ಟಿದ್ದರೆ ಸಾಕು. ಕನ್ನಡದ ವಿದ್ವತ್ತು ಒಮ್ಮೆ ಇಷ್ಟರಿಂದಲೇ ಬೆಳೆಯಿತು.