ಅರ್ಧ ಬಾಟ್ಸೆನ್ ಮತ್ತು ಎರಡು ಹಂಚುಗಳು

ಮಳೆಗಾಲಕ್ಕೆ ಮೊದಲು ನಮ್ಮ ಶಾಲೆಯ ಹಳೆಯ ಕಟ್ಟಡದ ಮಾಡು ರಿಪೇರಿ ಮಾಡಿಸುವುದು ಪ್ರತಿ ವರ್ಷದ ಕೆಲಸ. ಒಮ್ಮೆ ಆಚಾರಿಗಳು ಗೆದ್ದಲು ಹಿಡಿದ ಪಕ್ಕಾಸು, ರೀಪುಗಳನ್ನು ಬದಲಿಸಲು ಹಂಚುಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಜೋಡಿಸಿಟ್ಟಿದ್ದರು. ಏಳನೆಯ ತರಗತಿಯ ಒಬ್ಬ ಹುಡುಗ ಹಂಚಿನ ಬೆನ್ನಿನ ಪಾಚಿ ಒರೆಸಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ, "ಬಾಸೆಲ್ ಮಿಶನ್". ಮತ್ತೊಬ್ಬನಿಗೆ ಸಿಕ್ಕಿದ ಹಂಚಿನಲ್ಲಿ "ಕಾಮನ್‌ವೆಲ್ತ್" ಎಂದಿತ್ತು. ಆಕಾರ, ಬಣ್ಣ, ತೂಕ ಎಲ್ಲ ಒಂದೇ. ಹೆಸರು ಮಾತ್ರ ಬೇರೆ. "ಮಾಷೆ, ಈ ಬಾಸೆಲ್ ಯಾವ ಊರು? ಮತ್ತೆ ಹೆಸರು ಯಾಕೆ ಬದಲಾದದ್ದು?" ಎಂದು ಕೇಳಿದ. ಬಾಸೆಲ್ ಸ್ವಿಜರ್ಲೆಂಡಿನ ಊರೆಂದು ಕೂಡಲೇ ಹೇಳಿದೆ. ಎರಡನೆಯ ಪ್ರಶ್ನೆಗೆ ಅರ್ಧ ಗಂಟೆಯ ಪಾಠದಲ್ಲಿ ಉತ್ತರ ಹೇಳಲು ಆಗಲಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬಾಸೆಲ್ ನಗರ ಇರುವುದು ರೈನ್ ನದಿಯ ದಂಡೆಯಲ್ಲಿ, ಸ್ವಿಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಜಾಗದಲ್ಲಿ. ನಮ್ಮ ಹಾಗೆ ಅದೂ ಗಡಿನಾಡೇ! ಬಾಸೆಲ್ ಮಿಶನ್ 1815ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಈಗಿನ ಇಂಡೋನೇಷ್ಯಾದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿದಿತ್ತು. ಎಲ್ಲಿಯ ತಂಬೋರಾ, ಎಲ್ಲಿಯ ಬಾಸೆಲ್ ಎಂದು ನಿಮಗೆ ಅನಿಸಬಹುದು. ಆದರೆ ಆ ಜ್ವಾಲಾಮುಖಿಯ ದೂಳು ಮೇಲಿನ ವಾಯುಮಂಡಲದಲ್ಲಿ ಹರಡಿ ಸೂರ್ಯನ ಬಿಸಿಲನ್ನು ತಡೆಯಿತು. ಮರು ವರ್ಷ, 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಎಡೆಬಿಡದೆ ಮಳೆ, ಆಲಿಕಲ್ಲು, ಹೊಲದಲ್ಲೇ ಕೊಳೆತ ಬೆಳೆ. ಬಾಸೆಲಿನ ಉತ್ತರಕ್ಕಿರುವ ವುರ್ಟೆಂಬರ್ಗ್ ರಾಜ್ಯದಲ್ಲಿ 1816-17ರಲ್ಲಿ ಭೀಕರ ಬರ. ಜನ ರೊಟ್ಟಿಯ ಹಿಟ್ಟಿಗೆ ತೌಡು, ಮರದ ಪುಡಿ ಬೆರೆಸಿ ತಿಂದರು. ಮಿಶನ್ನಿನ ತರಬೇತಿ ಶಾಲೆ ಬಾಗಿಲು ತೆರೆದದ್ದೂ ಆ 1816ರಲ್ಲಿಯೇ.

ನಮ್ಮ ಕರಾವಳಿಗೆ ಬಂದ ಮಿಶನರಿಗಳಲ್ಲಿ ಬಹಳ ಮಂದಿ ಈ ವುರ್ಟೆಂಬರ್ಗಿನವರು. ಬರ ಬಂದಾಗ ಹೆಬಿಕ್ ಅವರಿಗೆ 13 ವರ್ಷ, ಮೊಗ್ಲಿಂಗ್ ಅವರಿಗೆ 5, ಗುಂಡರ್ಟ್ ಅವರಿಗೆ 2. (ನಮ್ಮ ಕಿಟ್ಟೆಲ್ ಮಾತ್ರ ಈ ಗುಂಪಿನವರಲ್ಲ. ಅವರದು ಜರ್ಮನಿಯ ಉತ್ತರದ ಕಡಲ ತೀರ, ಹುಟ್ಟಿದ್ದೂ ತಡವಾಗಿ.) ಆ ನಾಡಿನ ಹಳ್ಳಿಗಳಲ್ಲಿ ಪಯಟಿಸ್ಟ್ ಎಂಬ ಭಕ್ತಿಪಂಥ ಬಲವಾಗಿತ್ತು. ಮನೆಯಲ್ಲೇ ಸೇರಿ ಬೈಬಲ್ ಓದುವುದು, ದುಂದು ಮಾಡದಿರುವುದು, ಸಮಯವನ್ನೂ ಹಣವನ್ನೂ ದೇವರು ಕೊಟ್ಟ ಒತ್ತೆ ಎಂದು ತಿಳಿದು ಲೆಕ್ಕ ಇಡುವುದು ಅವರ ರೀತಿ. ಅವರ ಮಿತವ್ಯಯವನ್ನು ಕೇವಲ ಜಿಪುಣತನ ಎನ್ನಲಾಗದು. ಹಸಿವನ್ನು ಕಂಡವರ ಮನೆಗಳ ಅಭ್ಯಾಸ ಅದು. ಬರ ಮುಗಿದ ಮೇಲೆ ಅಲ್ಲಿನ ರಾಣಿ ಕ್ಯಾಥರೀನಾ 1818ರಲ್ಲಿ ಬಡವರಿಗಾಗಿ ಉಳಿತಾಯದ ಬ್ಯಾಂಕೊಂದನ್ನು ಮಾಡಿಸಿದಳು. ಚಿಲ್ಲರೆ ಕಾಸನ್ನೂ ತೆಗೆದುಕೊಳ್ಳುವ ಬ್ಯಾಂಕು. ನಾವು ಕಲಿಯುವಾಗ ಶಾಲೆಯಲ್ಲಿದ್ದ 'ಸಂಚಯಿಕಾ' ಇದರ ದೂರದ ನೆಂಟ ಎಂದು ನನಗೆ ಆಗಾಗ ಅನಿಸುವುದುಂಟು.

ಇಂಥ ಮನೆಗಳಿಂದಲೇ ಮಿಶನ್ನಿಗೆ ಹಣ ಬರಬೇಕಿತ್ತು. ದೊಡ್ಡ ಸಾಹುಕಾರರ ದಾನ ಸಾಲುತ್ತಿರಲಿಲ್ಲ. ಆಗ, 1855ರಲ್ಲಿ, ಬಾಸೆಲಿನ ರೇಷ್ಮೆ ಪಟ್ಟಿ ತಯಾರಿಸುವ ಉದ್ಯಮಿ ಕಾರ್ಲ್ ಸರಾಸಿನ್ ಒಂದು ಉಪಾಯ ಹೂಡಿದರು. ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸೆನ್ ಕೊಟ್ಟರೆ ಸಾಕು. ಬಾಟ್ಸೆನ್ ಎಂದರೆ ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ಅರ್ಧ ಬಾಟ್ಸೆನ್ ಎಂದರೆ ಹೊಸ ಲೆಕ್ಕದಲ್ಲಿ 5 ರಾಪೆನ್, ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. ಹೆಚ್ಚಾಗಿ ಹೆಂಗಸರೇ ವಾರ ವಾರ ಮನೆ ಮನೆಗೆ ಹೋಗಿ ಇದನ್ನು ಸಂಗ್ರಹಿಸುತ್ತಿದ್ದರು. ಕೊಟ್ಟವರಿಗೆ ಓದಲು ದೂರದ ದೇಶಗಳ ಸುದ್ದಿಯ ಒಂದು ಚಿಕ್ಕ ಪತ್ರಿಕೆ ಸಿಗುತ್ತಿತ್ತು. ಮನೆಗೆಲಸದ ಹುಡುಗಿ, ನೇಕಾರ, ವಿಧವೆ ಎಲ್ಲರೂ ಕೊಡಬಹುದಾದ ಮೊತ್ತ. ವರ್ಷಗಳು ಕಳೆದಂತೆ ಮಿಶನ್ನಿನ ಮುಖ್ಯ ವರಮಾನಗಳಲ್ಲಿ ಇದೂ ಒಂದಾಯಿತು.

ಕೇರಳದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅವರಿಗೆ 'ಪಿಡಿಯರಿ' ಗೊತ್ತು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕಿಡುವುದು, ಅದು ತುಂಬಿದಾಗ ಇಗರ್ಜಿಗೋ ಧರ್ಮಕಾರ್ಯಕ್ಕೋ ಕೊಡುವುದು. ಚಾವರ ಕುರಿಯಾಕೋಸ್ ಏಲಿಯಾಸ್ ಪಾದ್ರಿಗಳು ಬಡ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿಸಿದ್ದು ಈ ಪಿಡಿಯರಿಯಿಂದಲೇ. ಕಾಲವೂ ಹೆಚ್ಚು ಕಡಿಮೆ ಒಂದೇ. ಅವರು ಕ್ಯಾಥೊಲಿಕರು, ಇವರು ಪ್ರೊಟೆಸ್ಟಂಟರು, ಪರಸ್ಪರ ಮಾತುಕತೆಯೂ ಕಡಿಮೆ. ಆದರೂ ಎರಡೂ ಕಡೆ ತಾಯಂದಿರ ಅಡುಗೆಮನೆಯ ಲೆಕ್ಕ ಒಂದೇ ಆಗಿತ್ತು.

ಇನ್ನು ಈಚೆಯ ಕಥೆ. ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರು ಸೇರಿದರು. ಆಗ ನಮ್ಮ ಕಾಸರಗೋಡೂ ಮದರಾಸು ಅಧಿಪತ್ಯದ ಅದೇ ಕೆನರಾ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರ ತನಕ ಮಂಗಳೂರು ನಮಗೆ ಜಿಲ್ಲಾ ಕೇಂದ್ರವೇ. ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತೆಗೆದದ್ದು, ಕಿಟ್ಟೆಲ್ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದು ಪಠ್ಯಪುಸ್ತಕಗಳಲ್ಲಿ ಉಂಟು. ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಾನು ಹೇಳಬೇಕೆಂದಿರುವುದು ಆ ಸಭೆಗೆ ಹೊಸದಾಗಿ ಸೇರಿದವರ ಮನೆಯ ಒಲೆಯ ಬಗ್ಗೆ.

ಕ್ರೈಸ್ತರಾದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವುದು ಅವರಲ್ಲಿ ಹಲವರ ಕಸುಬು. ಸಭೆ ಅದನ್ನು ಒಪ್ಪುತ್ತಿರಲಿಲ್ಲ. ಹಾಗಾಗಿ ಕಸುಬು ಹೋಯಿತು. ಮನೆಯವರು ಹೊರಗೆ ಹಾಕಿದರೆ ವಾಸಕ್ಕೆ ಜಾಗವಿಲ್ಲ, ಸೇದಲು ಬಾವಿ ಇಲ್ಲ. ಮತಾಂತರದಿಂದ ಆಸ್ತಿಯ ಹಕ್ಕು ಹೋಗದೆಂದು 1850ರಲ್ಲಿ ಸರಕಾರ ಕಾನೂನು ಮಾಡಿದ್ದು ನಿಜ. ಆದರೆ ತುಳುನಾಡಿನ ಅಳಿಯಸಂತಾನದ ಕುಟುಂಬದಲ್ಲಿ ಒಬ್ಬನು ತನ್ನ ಪಾಲನ್ನು ಒಡೆದು ಕೇಳುವ ಕ್ರಮವೇ ಇರಲಿಲ್ಲ. ಕಾನೂನಿನ ಪುಸ್ತಕದಲ್ಲಿದ್ದ ಹಕ್ಕು ಗಂಜಿಯ ಮಡಕೆಯ ತನಕ ಬರಲಿಲ್ಲ. ನಂಬಿಕೆಯ ಬೆಲೆಯನ್ನು ಇವರು ತೆತ್ತದ್ದು ಹೀಗೆ. ದುಡ್ಡಿನ ಆಸೆಗೆ ಹೋದವರು ಎಂದು ಸಲೀಸಾಗಿ ಹೇಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಇವರಿಗೆ ಬರೀ ದಾನ ಕೊಡುತ್ತಾ ಹೋದರೆ ಅರ್ಧ ಬಾಟ್ಸೆನ್ ಎಷ್ಟು ದಿನ ಬಂದೀತು? ದಾನದ ಊಟ ಒಳ್ಳೆಯದಲ್ಲ ಎಂಬ ಹಳ್ಳಿಯ ಬುದ್ಧಿಯೂ ಮಿಶನರಿಗಳಿಗಿತ್ತು. ಬೇಸಾಯ ಮಾಡಿಸಿ ನೋಡಿದರು. ಗಡಿಯಾರ ತಯಾರಿ ಕಲಿಸಿದರು, ಅದು ನಡೆಯಲಿಲ್ಲ. ಬಡಗಿ ಕೆಲಸ, ಪುಸ್ತಕ ಕಟ್ಟುವುದು, ಹೀಗೆ ಒಂದೊಂದಾಗಿ ಪರೀಕ್ಷೆ. ಕೊನೆಗೆ ನಿಂತದ್ದು ಎರಡೇ, ಮಗ್ಗ ಮತ್ತು ಮಣ್ಣು.

ಮಗ್ಗದ ಕೆಲಸಕ್ಕೆ 1851ರಲ್ಲಿ ಬಂದವರು ಜಾನ್ ಹಾಲರ್, ಸ್ವತಃ ನೇಕಾರರು. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಪೂರ್ತಿ ಸರಿಯಲ್ಲ. ಪಂಜಾಬಿನ ಗಡಿಯಲ್ಲಿದ್ದ ಪಡೆಯವರು 1840ರ ದಶಕದಲ್ಲೇ ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಿದ್ದರು. ಹಾಲರ್ ಅವರ ಹೆಸರಿನಲ್ಲಿರುವ ಕೀರ್ತಿ ಒಗೆದರೂ ಬಿಡದ ಗಟ್ಟಿ ಖಾಕಿ ಬಣ್ಣದ್ದು. ನನಗೆ ಇದೇ ಹೆಚ್ಚು ಅನಿಸುತ್ತದೆ. ಬಡವನ ಮನೆಯಲ್ಲಿ ಬಟ್ಟೆಯ ಗುಣ ನೋಡುವುದು ಹತ್ತನೆಯ ಸಲ ಒಗೆದ ಮೇಲಲ್ಲವೇ?

ಮಣ್ಣಿನ ಕೆಲಸ ಜಾರ್ಜ್ ಪ್ಲೆಬ್ಸ್ಟ್ ಅವರದು. ಅವರು ಬಂದದ್ದು ಮುದ್ರಣಾಲಯದ ಮೆಕ್ಯಾನಿಕ್ ಆಗಿ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಊರಿಗೆ ಹೋದಾಗ ಮಣ್ಣು ಸುಡುವ ವಿದ್ಯೆ ಕಲಿತು ಬಂದು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮೊದಲಿಗೆ ಮಣ್ಣು ಅರೆಯುವ ಯಂತ್ರ ತಿರುಗಿಸಲು ಎತ್ತುಗಳು. ಅರೆದ ಮಣ್ಣನ್ನು ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ, ಗೂಡಿನಲ್ಲಿ ಸುಡುವುದು. ಒಂದರ ಅಂಚು ಇನ್ನೊಂದರ ಕೊರಕಿಗೆ ಕೂರುವ ಈ ಜಾತಿಯ ಹಂಚನ್ನು ಮೊದಲು ಮಾಡಿದವರು ಬಾಸೆಲಿಗೆ ಹತ್ತಿರದ ಆಲ್ಟ್‌ಕಿರ್ಕ್ ಎಂಬ ಊರಿನ ಗಿಲಾರ್ಡೋನಿ ಸಹೋದರರು. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್ ಎಂದು ಕಾರ್ಖಾನೆಗಳು ಹೆಚ್ಚಿದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಹಂಚು ಮಂಜಿಗಳಲ್ಲಿ ಕಡಲ ದಾರಿಯಾಗಿ ಹೋಗುತ್ತಿತ್ತು.

ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ಹಂಚಿನ ಬೆಲೆ ತಿಳಿಯುತ್ತದೆ. ಮುಳಿಹುಲ್ಲಿನ ಮಾಡಾದರೆ, ಮಡಲಿನದ್ದಾದರೆ, ಪ್ರತಿ ವರ್ಷ ಮಳೆಗೆ ಮೊದಲು ಹೊದೆಸಬೇಕು. ಹುಲ್ಲು ತರಬೇಕು, ಆಳು ಕರೆಯಬೇಕು, ಅವರಿಗೆ ಊಟ ಹಾಕಬೇಕು. ಒಂದು ಕಿಡಿ ಬಿದ್ದರೆ ಎಲ್ಲ ಬೂದಿ. ಹಂಚಿಗೆ ಒಮ್ಮೆ ಕೈ ಬಿಗಿ ಮಾಡಿ ದುಡ್ಡು ಹಾಕಿದರೆ ಮಕ್ಕಳ ಕಾಲಕ್ಕೂ ಆಯಿತು. ಒಡೆದದ್ದು ಒಂದಾದರೆ ಒಂದನ್ನೇ ಬದಲಿಸಿದರೆ ಸಾಕು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆಯ ದಿನ ಆರಂಭವಾಗುತ್ತಿದ್ದುದು ಪ್ರಾರ್ಥನೆಯಿಂದ. ಕೂಲಿ ಕೊಡುವ ಕೈ, ಸಭೆಯ ಶಿಸ್ತು ನೋಡುವ ಕೈ ಎರಡೂ ಒಂದೇ ಮನೆಯದು. ಧಣಿಯೂ ಗುರುವೂ ಒಬ್ಬರೇ ಆದಾಗ ದುಡಿಯುವವನು ಮನಸ್ಸಿನ ಮಾತು ಆಡುವುದು ಕಷ್ಟ. ಮಿಶನ್ನಿನ ಒಳಗೇ ಈ ಬಗ್ಗೆ ಚರ್ಚೆ ಇತ್ತು. ಇನ್ನು ಮಿಶನರಿಗಳ ಮನೆಯ ಕಟ್ಟುನಿಟ್ಟು ಅವರ ಮಕ್ಕಳ ಮೇಲೂ ಬಿತ್ತು. ಮದುವೆಗೆ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕು. ಮಕ್ಕಳನ್ನು ಚಿಕ್ಕ ಪ್ರಾಯದಲ್ಲೇ ಯುರೋಪಿಗೆ ಕಳುಹಿಸಬೇಕು. ತಲಶ್ಶೇರಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಜೂಲಿ ಗುಂಡರ್ಟ್ ಊರಿನ ಎಷ್ಟೋ ಮಕ್ಕಳಿಗೆ ತಾಯಿಯಂತಿದ್ದವರು. ಅವರ ಸ್ವಂತ ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲೇ ಹುಟ್ಟಿದವಳು. ಪುಟ್ಟ ಮಗುವಾಗಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ಬರಬೇಕಾಯಿತು. ಅವಳು ಮತ್ತೆ ಇಲ್ಲಿಗೆ ಬಂದದ್ದು 1857ರಲ್ಲಿ, 15ರ ಹರೆಯದಲ್ಲಿ. ಹಣದಲ್ಲಿ ಲೆಕ್ಕ ಹಾಕಲಾಗದ ಖರ್ಚು ಇದು. ಈ ಮೇರಿಯ ಮಗನೇ ಮುಂದೆ 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ.

ಈಗ ಹುಡುಗನ ಎರಡನೆಯ ಪ್ರಶ್ನೆಗೆ ಬರುತ್ತೇನೆ. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಮಿಶನ್ ಸ್ವಿಜರ್ಲೆಂಡಿನದ್ದಾದರೂ ಮಿಶನರಿಗಳಲ್ಲಿ ಜರ್ಮನರೇ ಬಹಳ. ಬ್ರಿಟಿಷ್ ಸರಕಾರಕ್ಕೆ ಅವರೆಲ್ಲ ಶತ್ರುದೇಶದವರು. ಸೈನ್ಯಕ್ಕೆ ಸೇರುವ ಪ್ರಾಯದ ಗಂಡಸರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಹೆಂಗಸರು, ಮಕ್ಕಳು, ಹಿರಿಯ ಪಾದ್ರಿಗಳನ್ನು 1915-16ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಊರಿಗೆ ಕಳುಹಿಸಿದರು. ಮಿಶನ್ನಿಗೆ ನೂರು ತುಂಬಿದ ವರ್ಷ ಅದು. ಅಲ್ಲಿಂದ ಬರುತ್ತಿದ್ದ ಹಣದ ದಾರಿ ಕಟ್ಟಿತು. ಇಲ್ಲಿಯ ಸಭೆಗಳನ್ನು, ಶಾಲೆಗಳನ್ನು ನಡೆಸುವ ಭಾರ ಇಲ್ಲಿಯ ಪಾದ್ರಿಗಳ, ಉಪದೇಶಿಗಳ, ಶಿಕ್ಷಕರ ಹೆಗಲಿಗೆ ಬಿತ್ತು. ಎಂಬತ್ತು ವರ್ಷ ಪರರ ಚಿಲ್ಲರೆಯ ನೆರವಿದ್ದ ಸಭೆ ಈಗ ತನ್ನ ಕಾಣಿಕೆಯ ಪೆಟ್ಟಿಗೆಯನ್ನೇ ನೋಡಬೇಕಾಯಿತು. ದೊರೆಗಳು ಹೋದರೆ ಇವರೂ ಚದುರಿ ಹೋದಾರು ಎಂದುಕೊಂಡವರಿದ್ದರೆ ಅವರ ಎಣಿಕೆ ತಪ್ಪಿತು. ಸಭೆ ಉಳಿಯಿತು, ಭಾನುವಾರದ ಗಂಟೆ ನಿಲ್ಲಲಿಲ್ಲ.

ಅತ್ತ ಜರ್ಮನಿಯಲ್ಲಿ 1916-17ರ ಚಳಿಗಾಲಕ್ಕೆ ಜನ 'ಗಡ್ಡೆಯ ಚಳಿಗಾಲ' ಎಂದೇ ಹೆಸರಿಟ್ಟರು. ಬಟಾಟೆಯೂ ಸಿಗದೆ ದನಕ್ಕೆ ಹಾಕುವ ಟರ್ನಿಪ್ ಜಾತಿಯ ಗಡ್ಡೆ ತಿಂದ ವರ್ಷ. ಹಿಂದಿನ ಬರಕ್ಕೆ ಸರಿಯಾಗಿ ನೂರು ವರ್ಷ! ಇನ್ನು 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಜನ ಬೇಕಾಬಿಟ್ಟಿ ಖರ್ಚು ಮಾಡದೆ ಜೀವಮಾನ ಇಡೀ ಕೂಡಿಟ್ಟ ಉಳಿತಾಯಕ್ಕೆ ಒಂದು ರೊಟ್ಟಿಯೂ ಬರಲಿಲ್ಲ. ವಾರ ವಾರ ಬೇರೆಯವರಿಗೆ ಕೊಟ್ಟ ಚಿಲ್ಲರೆ ಮಾತ್ರ ಹಂಚಾಗಿ, ಶಾಲೆಯಾಗಿ, ನಿಘಂಟಾಗಿ ನಮ್ಮಲ್ಲಿ ಉಳಿದಿತ್ತು.

ಕಾರ್ಖಾನೆಗಳು ಮಾತ್ರ ಮಿಶನ್ನಿಗೆ ಹಿಂದೆ ಬರಲಿಲ್ಲ. 1919ರಲ್ಲಿ ಲಂಡನ್ನಿನಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆ ಮಾಡಿ ಅವುಗಳನ್ನು ಅದಕ್ಕೆ ವಹಿಸಿದರು. ಮಣ್ಣು ಅದೇ, ಗೂಡು ಅದೇ, ಕೆಲಸಗಾರರೂ ಅವರೇ. ಅಚ್ಚಿನ ಮೇಲಿನ ಹೆಸರು ಬದಲಾಯಿತು. ಕಲ್ಲಿಕೋಟೆಯ ಮಾನಾಂಚಿರದ ಎದುರಿನ ಕಾಮ್‌ಟ್ರಸ್ಟ್ ನೇಯ್ಗೆ ಕಾರ್ಖಾನೆ 2009ರಲ್ಲಿ ಬಾಗಿಲು ಹಾಕಿದ್ದು ನಮ್ಮ ಕಣ್ಣೆದುರೇ.

ಇದನ್ನೆಲ್ಲ ಮಕ್ಕಳಿಗೆ ಹೇಳಿ, ಎರಡು ಹಂಚುಗಳನ್ನೂ ತರಗತಿಯಲ್ಲಿ ಪ್ರದರ್ಶನಕ್ಕೆ ಇಡೋಣ ಎಂದೆ. ಹಿರಿಯ ಆಚಾರಿ ಒಪ್ಪಲಿಲ್ಲ. "ಗಟ್ಟಿ ಇರುವ ಹಂಚನ್ನು ಕೆಳಗೆ ಯಾಕೆ ಇಡುವುದು ಮಾಷೆ, ಹೊಸದು ತಂದರೆ ದುಡ್ಡು ಕೊಡಬೇಡವಾ?" ಎಂದು ಬಾಸೆಲ್ ಹಂಚನ್ನು ತೆಗೆದುಕೊಂಡು ಹೋಗಿ ಮೇಲೆ ಹೊದೆಸಿಯೇ ಬಿಟ್ಟರು. ಅಂಚು ಒಡೆದ ಕಾಮನ್‌ವೆಲ್ತ್ ಹಂಚು ಮಾತ್ರ ಏಳನೆಯ ತರಗತಿಯ ಕಿಟಕಿಯಲ್ಲಿದೆ. ಮಕ್ಕಳು ಅದರ ಮೇಲೆ ಸೀಮೆಸುಣ್ಣದ ತುಂಡುಗಳನ್ನು ಒಟ್ಟು ಮಾಡಿ ಇಡುತ್ತಾರೆ.