ಮನಸ್ಸಿನ ಚಿಕಿತ್ಸೆಗೆ ಸರಕಾರದ ನೆರವು

ಜ್ವರ ಬಂದರೆ ವೈದ್ಯರ ಬಳಿ ಹೋಗುತ್ತೇವೆ. ಮನಸ್ಸಿನ ನೋವನ್ನು ಮಾತ್ರ ಮುಚ್ಚಿಡುತ್ತೇವೆ. ಇವೆರಡಕ್ಕೂ ಕುಟುಂಬ ವೈದ್ಯರ ಬಾಗಿಲನ್ನೇ ತೋರಿಸಿದ ಆಸ್ಟ್ರೇಲಿಯಾದ ಅನುಭವವನ್ನು ನಾವು ತಿಳಿಯಬೇಕು.

ಅಲ್ಲಿ 1984ರಲ್ಲಿ ‘ಮೆಡಿಕೇರ್’ ಎಂಬ ಸರಕಾರಿ ಆರೋಗ್ಯ ವಿಮೆ ಆರಂಭವಾಯಿತು. ವೈದ್ಯರ ಶುಲ್ಕಕ್ಕೆ ಅದರಿಂದ ನೆರವು ದೊರೆಯುತ್ತಿತ್ತು. ಆದರೆ ಮನಶ್ಶಾಸ್ತ್ರಜ್ಞರ ಶುಲ್ಕವನ್ನು ಬಹುತೇಕ ಜನರು ತಾವೇ ಭರಿಸಬೇಕಾಗಿತ್ತು. 2006ರ ನವೆಂಬರ್‌ನಲ್ಲಿ ‘ಬೆಟರ್ ಆಕ್ಸೆಸ್’ ಯೋಜನೆ ಜಾರಿಗೆ ಬಂದಿತು. ಇದರ ಪ್ರಕಾರ ರೋಗಿಯು ಮೊದಲು ಕುಟುಂಬ ವೈದ್ಯರನ್ನು ಕಾಣಬೇಕು. ಅವರು ತೊಂದರೆಯನ್ನು ಕೇಳಿ, ಚಿಕಿತ್ಸೆಯ ಯೋಜನೆ ಬರೆದು, ಮನಶ್ಶಾಸ್ತ್ರಜ್ಞರಿಗೆ ಶಿಫಾರಸು ಪತ್ರ ಕೊಡುತ್ತಾರೆ. ಆರು ಭೇಟಿಗಳಾದ ಬಳಿಕ ವೈದ್ಯರು ಮತ್ತೆ ಪರಿಶೀಲಿಸುತ್ತಾರೆ.

ಆರಂಭದಲ್ಲಿ ವರ್ಷಕ್ಕೆ 12 ಭೇಟಿಗಳಿಗೆ, ವಿಶೇಷ ಸಂದರ್ಭದಲ್ಲಿ 18ಕ್ಕೆ ನೆರವಿತ್ತು. 2011ರಲ್ಲಿ ಅದನ್ನು 10ಕ್ಕೆ ಇಳಿಸಲಾಯಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, 20ಕ್ಕೆ ಏರಿಸಿ, 2023ರಿಂದ ಪುನಃ 10ಕ್ಕೆ ತರಲಾಯಿತು.

ಒಂದು ಕೊರತೆ ಮಾತ್ರ ಉಳಿದಿದೆ. ಸರಕಾರ ಕೊಡುವುದು ನಿಗದಿತ ಮೊತ್ತ. ಮನಶ್ಶಾಸ್ತ್ರಜ್ಞರು ಹೆಚ್ಚು ಶುಲ್ಕ ಪಡೆದರೆ ಉಳಿದ ಹಣ ರೋಗಿಯದೇ. ಹೀಗಾಗಿ ಪತ್ರ ಕೈಯಲ್ಲಿದ್ದರೂ ಹಣವಿಲ್ಲದವರು ಹಿಂದೆ ಉಳಿಯುತ್ತಾರೆ. 2022ರ ಅಧಿಕೃತ ಮೌಲ್ಯಮಾಪನವೂ ಈ ಅಸಮಾನತೆಯನ್ನು ಎತ್ತಿ ತೋರಿಸಿತು.

ವಿದ್ಯಾರ್ಥಿಗಳೇ, ಮನಸ್ಸಿನ ನೋವನ್ನು ವೈದ್ಯರಿಗೆ ಹೇಳಲು ನಾಚಬೇಕಾಗಿಲ್ಲ. ಹಾಗೆ ಹೇಳಿಕೊಂಡ ಬಡವನಿಗೂ ಚಿಕಿತ್ಸೆ ಎಟುಕುವಂತೆ ಮಾಡುವುದು ಸರಕಾರದ, ಸಮಾಜದ ಹೊಣೆ.